ಹಿಟ್ಟು ‘ಹುದುಗಿತು’ ಅನ್ನುವವರು ಯಾರಾದರೂ ಇದ್ದೀರಾ?

ಹಿಟ್ಟು ‘ಹುದುಗಿತು’, ‘ಹುದುಗು ಬಂತು’ ಅಂತ ಮನೆಯಲ್ಲಿ ಮಾತಾಡುವವರು ಇದ್ದೀರಾ? ಬರವಣಿಗೆಯಲ್ಲಿ ಅಲ್ಲ, ಅಡುಗೆಮನೆಯ ಮಾತಿನಲ್ಲಿ. ನಾನು ಕಾಸರಗೋಡಿನ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ‘ಹುದುಗುವಿಕೆ’ (ಇಂಗ್ಲಿಷಿನ ಫರ್ಮೆಂಟೇಶನ್) ಅಂದ ಕೂಡಲೇ ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಾರೆ. ಅವರಿಗೆ ಗೊತ್ತಿರುವ ಹುದುಗು ಅಂದರೆ ಅಡಗು. ಮಣ್ಣಿನಲ್ಲಿ ನಿಧಿ ಹುದುಗಿದೆ ಅನ್ನುತ್ತೇವಲ್ಲ, ಅದು. ಹಳಗನ್ನಡದ ‘ಪುದುಗು’ ಕೂಡ ಇದೇ ಅರ್ಥದ್ದು. “ಟೀಚರೇ, ಹಿಟ್ಟಿನೊಳಗೆ ಹುದುಗಿರುವುದು ಯಾವುದು?” ಅಂತ ಒಬ್ಬಳು ಕೇಳಿದಳು. ಬ್ಯಾಕ್ಟೀರಿಯ ಅಂತ ಹೇಳಿ ದಾಟಿಬಿಡಬಹುದು, ಸುಳ್ಳೇನೂ ಅಲ್ಲ. ಆದರೆ ಪಾಠದ ಪದಕ್ಕೆ ಅದು ಅರ್ಥ ಅಲ್ಲವಲ್ಲ.

ನಮ್ಮ ಕಡೆ ಎಲ್ಲರ ಬಾಯಲ್ಲಿರುವುದು ಹುಳಿ. ಹವ್ಯಕರ ಮನೆಯಲ್ಲಿ “ಹಿಟ್ಟು ಹುಳಿ ಬೈಂದಾ?” ಅಂತ ಕೇಳುತ್ತಾರೆ. ತುಳುವಿನಲ್ಲಿ “ಪುಳಿ ಬತ್ತ್ಂಡ್”. ಮಲಯಾಳದಲ್ಲಿ ಮಾವು, ಅಂದರೆ ಹಿಟ್ಟು, “ಪುಳಿಚ್ಚು ಪೊಂಗಿ”. ಪಾಲು ಹಾಲಾದ ಹಾಗೆ ಕನ್ನಡದಲ್ಲಿ ಪುಳಿ ಹುಳಿಯಾಯಿತು, ಅಷ್ಟೇ ವ್ಯತ್ಯಾಸ. ಒಂದೇ ಬೆಂಚಿನಲ್ಲಿ ಈ ಮೂರೂ ಮನೆಮಾತಿನ ಮಕ್ಕಳು ಕೂತಿರುತ್ತಾರೆ. ಹುಳಿ ಅಂದರೆ ಮೂವರಿಗೂ ಅರ್ಥವಾಗುತ್ತದೆ. ಕನ್ನಡ ಬೈಬಲಿನಲ್ಲೂ ‘ಹುಳಿಹಿಟ್ಟು’, ‘ಹುಳಿಯಿಲ್ಲದ ರೊಟ್ಟಿ’ ಅಂತಲೇ ಇದೆ.

ಹುಳಿ ಬರುವುದು ಒಳ್ಳೆಯದೋ ಕೆಟ್ಟದೋ ಅನ್ನುವುದು ಪಾತ್ರೆಯಲ್ಲಿ ಏನಿದೆ ಅನ್ನುವುದರ ಮೇಲೆ. ಉದ್ದಿನ ದೋಸೆಯ ಹಿಟ್ಟು ಹುಳಿ ಬರಲೇಬೇಕು. ತೆಳ್ಳವಿನ, ಅಂದರೆ ನೀರುದೋಸೆಯ, ಹಿಟ್ಟಿಗೆ ಅದು ಬೇಡ, ಅರೆದ ಕೂಡಲೇ ಎರೆಯಬಹುದು. ಕಾಯಿ ಅರೆದು ಮಾಡಿದ ನಿನ್ನೆಯ ಪದಾರ್ಥ ಹುಳಿ ಬಂತೋ, ಅದು ಸೀದಾ ದನದ ಅಕ್ಕಚ್ಚಿಗೆ.

ಹಾಗಾದರೆ ‘ಹುಳಿ ಬರುವಿಕೆ’ ಅಂತಲೇ ಪಾಠದಲ್ಲಿ ಬರೆದರೆ ಆಗದೇ? ನನಗೂ ಹಾಗೆ ಅನಿಸಿತ್ತು. ತೊಡಕು ಬರುವುದು ಕಳ್ಳಿನಲ್ಲಿ. ತೆಂಗಿನ ಹೊಂಬಾಳೆಯಿಂದ ಇಳಿಯುವ ರಸ ಮೊದಲು ಬರೀ ಸಿಹಿ. ಯೀಸ್ಟ್ ಆ ಸಕ್ಕರೆಯನ್ನು ಒಡೆದು ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್ ಮಾಡುತ್ತದೆ. ನೊರೆ ಬರುವುದು ಆ ಗ್ಯಾಸಿನಿಂದ. ಮಡಕೆಯ ಒಳಗೆ ಸುಣ್ಣ ಬಳಿದಿದ್ದರೆ ಈ ಕೆಲಸಕ್ಕೆ ತಡೆ, ರಸ ಸಿಹಿಯಾಗಿಯೇ ಉಳಿಯುತ್ತದೆ. ಕಳ್ಳನ್ನು ಹಾಗೇ ಇಟ್ಟರೆ ಆಮೇಲೆ ಬೇರೆ ಬ್ಯಾಕ್ಟೀರಿಯಗಳು ಗಾಳಿಯ ಸಹಾಯದಿಂದ ಮದ್ಯಸಾರವನ್ನೇ ವಿನೆಗರ್ ಮಾಡುತ್ತವೆ. ಕಳ್ಳು ಪೂರ್ತಿ ಹುಳಿ ಬಂತು ಅಂದರೆ ಕುಡಿಯುವವರ ಲೆಕ್ಕದಲ್ಲಿ ಅದರ ಹೊತ್ತು ಮೀರಿತು. ಪಾಠದವರು ಹೇಳುವ ಹುದುಗುವಿಕೆಯ ಮುಖ್ಯ ಭಾಗ ಅದಕ್ಕೂ ಮೊದಲೇ ನಡೆದುಹೋಗಿರುತ್ತದೆ.

ಇದನ್ನು ಯೋಚಿಸುವಾಗ ಇನ್ನೊಂದು ಹೊಳೆಯಿತು. ಅಡುಗೆಮನೆಯವರು ಹುಳಿಯನ್ನೂ ಉಬ್ಬನ್ನೂ ಬೇರೆ ಬೇರೆ ಇಡುತ್ತಾರೆ. “ಹುಳಿ ಬಂದಿದೆ, ಆದರೆ ಉಬ್ಬಲಿಲ್ಲ” ಅನ್ನುವುದನ್ನು ಕೇಳಿರುತ್ತೀರಿ. ಹುಳಿ ಆಮ್ಲದ ಕೆಲಸ, ಉಬ್ಬು ಗ್ಯಾಸಿನ ಕೆಲಸ. ಇಡ್ಲಿ ಹಿಟ್ಟಿನಲ್ಲಿ ಲ್ಯೂಕೊನೊಸ್ಟಾಕ್ ಅನ್ನುವ ಬ್ಯಾಕ್ಟೀರಿಯ ಎರಡನ್ನೂ ಮಾಡುತ್ತದೆ, ಉದ್ದಿನ ಲೋಳೆ ಆ ಗ್ಯಾಸನ್ನು ಹಿಡಿದಿಡುತ್ತದೆ. ಸೋಡಾ ಹಾಕಿದ ಹಿಟ್ಟು ಹುಳಿ ಬಾರದೆಯೂ ಉಬ್ಬುತ್ತದೆ. ಸೆಕೆಗಾಲದಲ್ಲಿ ಮಾಮೂಲಿ ಹಿಟ್ಟು ಉಬ್ಬಿ, ಬೆಳಗಾಗುವಾಗ ಇಳಿದೂ ಹೋಗಿರುತ್ತದೆ, ಹುಳಿ ಮಾತ್ರ ಜಾಸ್ತಿ. ‘ಹುದುಗುವಿಕೆ’ ಇವೆರಡನ್ನೂ ಒಂದೇ ಚೀಲಕ್ಕೆ ತುಂಬುತ್ತದೆ. ಮನೆಮಾತು ಇಲ್ಲಿ ಪಾಠಕ್ಕಿಂತ ಚುರುಕು ಅಂತ ನನ್ನ ಅಭಿಪ್ರಾಯ.

ಇನ್ನು ಕೆಲವಕ್ಕೆ ಹುಳಿಯ ಹೆಸರೇ ಇಲ್ಲ. ಹಾಲಿಗೆ ಹೆಪ್ಪು ಹಾಕುತ್ತೇವೆ. ಹಲಸಿನ ಸೊಳೆಯನ್ನು ಭರಣಿಯಲ್ಲಿ ಉಪ್ಪಿಗೆ ಹಾಕುತ್ತೇವೆ. ಮಳೆಗಾಲಕ್ಕೆ ಅದನ್ನು ತೆಗೆದಾಗ ಇರುವ ಹುಳಿಯೂ ಬ್ಯಾಕ್ಟೀರಿಯದ್ದೇ, ಆದರೆ ಹೆಸರು ಉಪ್ಪಿನದ್ದು! ಆಯುರ್ವೇದದ ಅರಿಷ್ಟ ಮಾಡುವ ವೈದ್ಯರ ಮಾತಿನಲ್ಲಿ ಹುದುಗುವಿಕೆಗೆ ‘ಸಂಧಾನ’ ಅಂತ ಹೆಸರು. ಕಷಾಯಕ್ಕೆ ಬೆಲ್ಲ, ಧಾತಕಿ ಹೂ ಸೇರಿಸಿ ಮುಚ್ಚಿಡುತ್ತಾರೆ. ‘ಕಿಣ್ವನ’ ಅನ್ನುವ ಪದವೂ ಒಂದಿದೆ. ಸಂಸ್ಕೃತದಲ್ಲಿ ಕಿಣ್ವ ಅಂದರೆ ಹೆಂಡಕ್ಕೆ ಹಾಕುವ ಹೆಪ್ಪು. ಈಗಿನ ಕನ್ನಡ ಪಾಠದಲ್ಲಿ ಕಿಣ್ವ ಅಂದರೆ ಎನ್‌ಜೈಮ್. ಮಕ್ಕಳ ತಲೆ ತಿನ್ನಲು ಅದೂ ಬೇಕಾ? ನನಗಂತೂ ಬೇಡ.

ಸದ್ಯಕ್ಕೆ ನಾನು ಕ್ಲಾಸಿನಲ್ಲಿ ಮೊದಲು ಹುಳಿ, ಉಬ್ಬು, ಹೆಪ್ಪು ಅಂತ ಮಾತಾಡಿಸಿ, ಕೊನೆಗೆ ಬೋರ್ಡಿನ ಮೇಲೆ ‘ಹುದುಗುವಿಕೆ’ ಬರೆಯುತ್ತೇನೆ. ಪರೀಕ್ಷೆಯಲ್ಲಿ ಅದೇ ಬರಬೇಕಲ್ಲ. ಮೈಸೂರು, ಧಾರವಾಡದ ಕಡೆಯವರು ಹೇಳಿ: ‘ಹುದುಗು’ ನಿಮ್ಮಲ್ಲಿ ಅಜ್ಜಿಯರ ಬಾಯಲ್ಲಿತ್ತಾ, ಅಥವಾ ಅಡುಗೆ ಪುಸ್ತಕದಿಂದ ಬಂತಾ? ಕಳ್ಳಿಗೂ ಅದೇ ಮಾತು ಬಳಸುತ್ತೀರಾ? ಹುಳಿ ಬಾರದೆ ಬರೀ ನೊರೆಯೆದ್ದರೆ ಅದಕ್ಕೆ ಏನನ್ನುತ್ತೀರಿ?