ಮನೆಗೆ ಯಾರು ಬಂದರೂ ನಾಯಿ ಕಾಲು ತಬ್ಬಿಕೊಂಡು ಹತ್ತುತ್ತದೆ, ಎಂತ ಮಾಡುವುದು?

ಕೇಳಿದವರು, ಬಿಜೈ

ನಮ್ಮ ಬ್ರೂನೋಗೆ ಈಗ ಹದಿನಾಲ್ಕು ತಿಂಗಳು. ಲ್ಯಾಬ್ರಡಾರ್, ಗಂಡು, ಬೀಜ ತೆಗೆಸುವ ಆಪರೇಷನ್ ಮಾಡಿಸಿಲ್ಲ. ಉಳಿದ ಹೊತ್ತಿಗೆ ಚಿನ್ನದಂಥ ನಾಯಿ. ಬೆಲ್ ಆದರೆ ಸಾಕು, ಬಂದವರ ಕಾಲನ್ನು ಮುಂಗಾಲಿನಿಂದ ತಬ್ಬಿಕೊಂಡು ಸೊಂಟ ಆಡಿಸಲು ಶುರು. ಕಳೆದ ಭಾನುವಾರ ಅತ್ತೆಯ ಅಕ್ಕ ಬಂದಿದ್ದರು. ಸೀರೆ ಸಮೇತ ಹಿಡಿದುಕೊಂಡ. ದೊಡ್ಡಮ್ಮ ಕಿರುಚಿದರು, ಮಕ್ಕಳು ಬಿದ್ದು ಬಿದ್ದು ನಕ್ಕರು, ನನಗೆ ಅಡುಗೆ ಮನೆಯಿಂದ ಹೊರಗೆ ಬರಲು ಮುಖವೇ ಇರಲಿಲ್ಲ.

ನಮ್ಮ ಮನೆಯವರು ಪೇಪರ್ ಸುತ್ತಿ ಹೊಡೆಯುತ್ತಾರೆ. ಪಕ್ಕದ ಮನೆಯವರು "ಒಂದು ಸಲ ಹೆಣ್ಣು ತೋರಿಸಿ, ಸರಿಯಾಗುತ್ತದೆ" ಅನ್ನುತ್ತಾರೆ. ಇನ್ನೊಬ್ಬರು "ಅದು ಮನೆಗೆ ಯಜಮಾನ ಆಗಲು ಹೊರಟಿದೆ, ಈಗಲೇ ಅದುಮಿ ಹಾಕಿ" ಅಂದರು. ಯಾರ ಮಾತು ಕೇಳುವುದು? ನಾಯಿ ಸಾಕಿದವರು ನಿಮ್ಮ ಮನೆಯಲ್ಲಿ ಆದದ್ದನ್ನು ಹೇಳಿ. ನಾಚಿಕೆಯ ವಿಷಯ ಅಂತ ಯಾರೂ ಬಾಯಿ ಬಿಡುವುದಿಲ್ಲ, ಅದೇ ತೊಂದರೆ.

ಕುಲಶೇಖರದಿಂದ

ಅಕ್ಕಾ, ಮೊದಲು ಸಮಾಧಾನ ಮಾಡಿಕೊಳ್ಳಿ. ಬ್ರೂನೋ ಕೆಟ್ಟು ಹೋಗಿಲ್ಲ. ನಮ್ಮ ಮನೆಯಲ್ಲಿ ಇದೇ ಕೆಲಸ ಮಾಡುತ್ತಿದ್ದದ್ದು ಹೆಣ್ಣು ನಾಯಿ! ಚಿಕ್ಕಿ ಅಂತ, ಬೀದಿಯಿಂದ ಎತ್ತಿಕೊಂಡು ಬಂದ ಊರಿನ ನಾಯಿ. ಗರ್ಭಕೋಶ ತೆಗೆಸಿ ಎರಡು ವರ್ಷ ಆಗಿತ್ತು. ಅವಳು ಮಗನ ಕಾಲಿಗೆ ಹತ್ತಿದಾಗ ನಾವೆಲ್ಲ ಬಾಯಿ ಬಿಟ್ಟುಕೊಂಡು ನೋಡಿದೆವು.

ಆಮೇಲೆ ಗೊತ್ತಾಯಿತು, ಇದು ಗಂಡು ನಾಯಿಗೆ ಮಾತ್ರ ಇರುವ ಚಾಳಿ ಅಲ್ಲ. ಒಂದೂವರೆ ತಿಂಗಳ ಮರಿಗಳೂ ಆಟದ ನಡುವೆ ಒಂದರ ಮೇಲೊಂದು ಹತ್ತುತ್ತವೆ. ಆ ಪಿಳ್ಳೆಗಳಿಗೆ ಬೆದೆ ಎಲ್ಲಿಂದ ಬರಬೇಕು? ತುಂಬಾ ಖುಷಿ ಆದಾಗ, ಗಾಬರಿ ಆದಾಗ, ಮುಂದೆ ಎಂತ ಮಾಡಬೇಕು ಅಂತ ತೋಚದೇ ಇದ್ದಾಗ ಹೀಗೆ ಮಾಡುತ್ತವೆ. ಹಾಲು ಉಕ್ಕಿದ ಹಾಗೆ. ಉಕ್ಕಿದ ಮೇಲೆ ಒಲೆ ಒರೆಸುತ್ತಾ ಕೂರುವ ಬದಲು ಮೊದಲೇ ಉರಿ ಸಣ್ಣ ಮಾಡಬೇಕು.

ನಾನು ಮಾಡಿದ್ದು ಇಷ್ಟೇ. ಅಡುಗೆ ಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕ ಬರೆಯುವ ಜಾಗದಲ್ಲಿ, ಚಿಕ್ಕಿ ಹತ್ತಿದಾಗಲೆಲ್ಲ ಗಂಟೆ ಬರೆದೆ. ಪಕ್ಕದಲ್ಲಿ ಅದಕ್ಕೆ ಸ್ವಲ್ಪ ಮೊದಲು ಮನೆಯಲ್ಲಿ ಏನಾಗಿತ್ತು ಅಂತ ಎರಡು ಶಬ್ದ. ಒಂದು ತಿಂಗಳು ಬರೆದೆ. ಆಟಿ ತಿಂಗಳು, ನಮ್ಮೂರ ಮಳೆ ನಿಮಗೆ ಗೊತ್ತೇ ಉಂಟಲ್ಲ. ವಾಕಿಂಗ್ ಇಲ್ಲದೆ ನಾಲ್ಕು ದಿನ ಒಳಗೇ ಕೂತರೆ ಐದನೇ ದಿನ ಮೂರು ಗೆರೆ. ಬಿಸಿಲು ಬಿದ್ದ ವಾರ ಒಂದೂ ಇಲ್ಲ. ಉಳಿದದ್ದೆಲ್ಲ ಸಂಜೆ ಆರೂವರೆ ಹೊತ್ತಿಗೆ. ಮಗ ಟ್ಯೂಷನ್ ಮುಗಿಸಿ ಬಂದು ಅವಳ ಜೊತೆ ನೆಲದಲ್ಲಿ ಬಿದ್ದು ಕುಸ್ತಿ ಆಡುವ ಹೊತ್ತು! ನಾಯಿಯನ್ನು ಉಕ್ಕಿಸುತ್ತಿದ್ದವನು ಮಗನೇ, ಬೈಗುಳ ಮಾತ್ರ ನಾಯಿಗೆ.

ಕುಸ್ತಿ ನಿಲ್ಲಿಸಿದೆವು. ಮಳೆ ದಿನಗಳಲ್ಲಿ ಗೋಣಿಚೀಲ ಮಡಚಿ, ಅದರ ಮಡಿಕೆಗಳಲ್ಲಿ ಅವಳ ಒಣ ಆಹಾರದ ಕಾಳು ಅಡಗಿಸಿ ಜಗಲಿಯಲ್ಲಿ ಇಡುತ್ತೇನೆ. ಮೂಗಿನಿಂದ ಹುಡುಕಿ ತಿನ್ನಲು ಕಾಲು ಗಂಟೆ ಬೇಕು. ಅಷ್ಟು ಹೊತ್ತು ಮೂಸಿದರೆ ನಾಯಿ ಸುಸ್ತಾಗಿ ಮಲಗುತ್ತದೆ. ಕಚ್ಚಲು ಏನಾದರೂ ಕೊಡಿ, ಆದರೆ ತೆಂಗಿನ ಸಿಪ್ಪೆ ಬೇಡ. ನಮ್ಮ ಕಡೆ ಸುಲಭಕ್ಕೆ ಸಿಗುತ್ತದೆ ಅಂತ ಎಲ್ಲರೂ ಬಿಸಾಡುತ್ತಾರೆ, ನಾರು ನುಂಗಿದರೆ ಕರುಳಿನಲ್ಲಿ ಕಟ್ಟಿಕೊಳ್ಳುತ್ತದೆ.

ಇನ್ನೊಂದು. ಹತ್ತುವ ಸ್ವಲ್ಪ ಮೊದಲು ನಾಯಿ ಸುಳಿವು ಕೊಡುತ್ತದೆ. ಚಿಕ್ಕಿ ತುಟಿ ನೆಕ್ಕುತ್ತಿದ್ದಳು, ಏದುಸಿರು ಬಿಡುತ್ತಿದ್ದಳು, ಒಂದು ಮುಂಗಾಲು ಮೊಣಕಾಲ ಮೇಲೆ ಇಟ್ಟು ಮೈ ಉಜ್ಜುತ್ತಿದ್ದಳು. ಆಗಲೇ ಹೆಸರು ಕರೆದು, ಕೂರಲು ಹೇಳಿ, ಕೂತರೆ ಒಂದು ಬಿಸ್ಕತ್ತಿನ ಚೂರು. ಹತ್ತಿದ ಮೇಲೆ ಕರೆದರೆ ಕಿವಿಯೇ ಕೇಳುವುದಿಲ್ಲ.

ಮಲ್ಪೆಯಿಂದ

ಹೆಣ್ಣು ತೋರಿಸಿದರೆ ಸರಿಯಾಗುತ್ತದೆ ಅನ್ನುವುದನ್ನು ನಾನು ಮಾಡಿ ನೋಡಿದವನು ಮಾರಾಯ್ರೇ. ಕಾಲಿಗೆ ಹತ್ತುವುದು ನಿಲ್ಲಲಿಲ್ಲ. ಅದರ ಮೇಲೆ ಕಂಪೌಂಡ್ ಹಾರಲು ಶುರು ಮಾಡಿದ. ಹೆಣ್ಣು ನಾಯಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದೆ, ಒಂದೊಂದು ಸಲ ಸುಮಾರು ಮೂರು ವಾರ. ಊರಿನಲ್ಲಿ ಹತ್ತು ಹೆಣ್ಣು ನಾಯಿ ಇದ್ದರೆ ಲೆಕ್ಕ ನೀವೇ ಹಾಕಿ. ಎರಡು ದಿನ ಕಾಣೆಯಾಗಿ, ಕಿವಿ ಹರಿದುಕೊಂಡು ಬಂದ. ಅತ್ತ ಎರಡು ತಿಂಗಳಿಗೆ ಏಳು ಮರಿ. ಅವಕ್ಕೆ ಮನೆ ಹುಡುಕಲು ಬಂದರಿನಲ್ಲಿ ಸಿಕ್ಕ ಸಿಕ್ಕ ಬೋಟಿನವರ ಕಾಲು ಹಿಡಿದದ್ದು ನಾನು.

ಮೂಲ್ಕಿಯಿಂದ

ಇಷ್ಟೆಲ್ಲ ಯಾಕೆ? ಹಿತ್ತಲಲ್ಲಿ ಕಟ್ಟಿ ಹಾಕಿ, ಮುಗಿಯಿತು. ನಮ್ಮ ಅಜ್ಜನ ಮನೆಯಲ್ಲಿ ನಾಯಿ ಹೊಸ್ತಿಲು ದಾಟಿದ್ದಿಲ್ಲ.

ಕುಲಶೇಖರದಿಂದ, ಮತ್ತೆ

ಅಜ್ಜನ ಮನೆಯ ನಾಯಿ ಗದ್ದೆ, ತೋಟ ಅಂತ ಇಡೀ ದಿನ ತಿರುಗುತ್ತಿತ್ತು ಅಣ್ಣ. ಅದಕ್ಕೆ ಹೊಸ್ತಿಲಿನ ಹಂಗೇ ಇರಲಿಲ್ಲ. ಆರು ಅಡಿ ಸರಪಳಿಯಲ್ಲಿ ದಿನವಿಡೀ ಕೂತ ನಾಯಿ, ಬಿಟ್ಟ ತಕ್ಷಣ ಮೊದಲು ಸಿಕ್ಕವರ ಮೇಲೆ ಹಾರುತ್ತದೆ. ಬಂದವರ ಎದುರು ಐದು ನಿಮಿಷ ಹಗ್ಗ ಹಿಡಿದುಕೊಳ್ಳುವುದು ಬೇರೆ, ಬದುಕನ್ನೇ ಕಟ್ಟಿ ಹಾಕುವುದು ಬೇರೆ.

ಮಣಿಪಾಲದಿಂದ

"ಯಜಮಾನ ಆಗಲು ಹೊರಟಿದೆ" ಎಂಬ ಮಾತಿಗೆ ನಾನೂ ಮರುಳಾಗಿದ್ದೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಈ ಕಥೆಯ ಬೇರು ಹಳೆಯದು. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬವರು ಮೃಗಾಲಯದಲ್ಲಿ ಕೂಡಿ ಹಾಕಿದ ತೋಳಗಳನ್ನು ನೋಡಿ, ಅವು ಮೇಲುಗೈಗಾಗಿ ಕಾದಾಡುತ್ತವೆ ಎಂದು ಬರೆದರು. ಅಮೆರಿಕದ ತೋಳ ತಜ್ಞ ಡೇವಿಡ್ ಮೀಚ್ 1970ರ ತಮ್ಮ ಪುಸ್ತಕದಲ್ಲಿ ಅದೇ ಮಾತನ್ನು ಮುಂದುವರಿಸಿದರು. ಅಲ್ಲಿಂದ ಅದು ನಾಯಿ ತರಬೇತಿಗೆ ಇಳಿಯಿತು. ಆದರೆ ಮೀಚ್ ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿದ ಮೇಲೆ, 1999ರಲ್ಲಿ, ತಮ್ಮ ಮಾತನ್ನು ತಾವೇ ತಿದ್ದಿಕೊಂಡರು. ಕಾಡಿನ ತೋಳಗಳ ಗುಂಪು ಅಂದರೆ ಹೆಚ್ಚಾಗಿ ಅಪ್ಪ, ಅಮ್ಮ, ಮಕ್ಕಳು. ಅಲ್ಲಿ ಗಾದಿಗಾಗಿ ಜಗಳ ಇಲ್ಲ. ತೋಳಕ್ಕೇ ಇಲ್ಲದ ಗಾದಿ ನಿಮ್ಮ ಬ್ರೂನೋಗೆ ಯಾಕೆ? ದೊಡ್ಡಮ್ಮನ ಸೀರೆ ಹಿಡಿದು ಅವನು ಯಾವ ಪಟ್ಟ ಏರಬೇಕು?

ನಾನು ಮಾತ್ರ ಆಗ ಒಂದು ವಿಡಿಯೋ ನೋಡಿ ನಮ್ಮ ಟೈಗರನ್ನು ಅಂಗಾತ ಮಲಗಿಸಿ ಅದುಮಿ ಹಿಡಿದೆ. ಎರಡು ದಿನ ಸುಮ್ನೆ ಇದ್ದ. ಮೂರನೇ ದಿನ ಕೈಗೆ ಹಲ್ಲು ನಾಟಿದ. ತಪ್ಪು ನನ್ನದೇ. ರೇಬೀಸ್ ಚುಚ್ಚುಮದ್ದು ಹಾಕಿಸಿಕೊಳ್ಳಲು ಆಸ್ಪತ್ರೆಗೆ ಅಲೆದದ್ದೂ ನಾನೇ. ಪೇಪರ್ ಏಟಿನ ತೊಂದರೆಯೂ ಇದೇ. ಬೆಲ್ ಆದರೆ ಏಟು ಬೀಳುತ್ತದೆ ಅಂತ ನಾಯಿ ಕಲಿಯುತ್ತದೆ. ಮೊದಲು ಖುಷಿಗೆ ಹತ್ತುತ್ತಿದ್ದವನು ಈಗ ಹೆದರಿಕೆಗೂ ಹತ್ತುತ್ತಾನೆ, ಇಲ್ಲವೇ ಬಂದವರನ್ನು ಕಂಡರೆ ಗುರ್ ಅನ್ನುತ್ತಾನೆ. ನಿಮ್ಮ ಮನೆಯವರಿಗೆ ಹೇಳಿ, ಪೇಪರ್ ಓದಲಿಕ್ಕೆ ಇರಲಿ.

ಕಂಕನಾಡಿಯಿಂದ

ಎಲ್ಲರೂ ಸ್ವಭಾವದ ಬಗ್ಗೆ ಹೇಳಿದಿರಿ, ನಾನು ಕಾಯಿಲೆಯ ಬಗ್ಗೆ ಹೇಳುತ್ತೇನೆ. ನಮ್ಮ ಪೊಮೇರಿಯನ್‌ಗೆ ಆರು ವರ್ಷ. ಅಷ್ಟರವರೆಗೆ ಒಂದು ದಿನವೂ ಈ ಚೇಷ್ಟೆ ಇರಲಿಲ್ಲ. ಒಮ್ಮೆಲೇ ದಿಂಬು, ಚಾಪೆ, ಸೋಫಾದ ತುದಿ, ಎಲ್ಲದಕ್ಕೂ ಶುರು. "ಮುದಿ ವಯಸ್ಸಿನಲ್ಲಿ ನಿನಗೆ ಇದೆಲ್ಲ ಬೇಕಾ" ಅಂತ ಎರಡು ವಾರ ಬೈದೆವು. ಆಮೇಲೆ ನೋಡಿದರೆ ಗೇಟಿನ ಹತ್ತಿರ ಕಾಲೆತ್ತಿ ನಿಂತರೆ ಮೂತ್ರ ಹನಿ ಹನಿಯಾಗಿ ಬರುತ್ತಿದೆ. ಪರೀಕ್ಷೆ ಮಾಡಿಸಿದಾಗ ಸೋಂಕು. ಡಾಕ್ಟರ್ ಕೊಟ್ಟ ಮಾತ್ರೆ ಮುಗಿಯುವ ಹೊತ್ತಿಗೆ ದಿಂಬಿನ ಸಹವಾಸವೂ ಮುಗಿಯಿತು. ಪಾಪ, ಉರಿ ತಡೆಯಲಾಗದೆ ಮಾಡುತ್ತಿದ್ದದ್ದು. ಆ ಎರಡು ವಾರ ನೆನೆದರೆ ಈಗಲೂ ಬೇಜಾರಾಗುತ್ತದೆ.

ಹಾಗಾಗಿ ಚಾಳಿ ಹೊಸದಾಗಿ ಶುರುವಾಗಿದ್ದರೆ, ಆ ಜಾಗವನ್ನು ಪದೇ ಪದೇ ನೆಕ್ಕುತ್ತಿದ್ದರೆ, ಮೂತ್ರಕ್ಕೆ ತಿಣುಕುತ್ತಿದ್ದರೆ, ರಕ್ತ ಕಂಡರೆ ಮೊದಲು ಡಾಕ್ಟರ್. ಮಳೆಗಾಲದಲ್ಲಿ ತೊಡೆಸಂದಿಯಲ್ಲಿ ಚರ್ಮ ಕೆಂಪಾಗಿ ತುರಿಕೆ ಬಂದರೂ ಹೀಗೆ ಉಜ್ಜುವುದುಂಟು. ಹತ್ತಿ ಇಳಿದ ಮೇಲೆ ಗಂಡು ನಾಯಿಯ ಅಂಗ ಹೊರಗೇ ಉಳಿದು ಅರ್ಧ ಗಂಟೆಯಾದರೂ ಒಳಗೆ ಹೋಗದಿದ್ದರೆ ನಾಳೆ ನೋಡೋಣ ಅನ್ನಬೇಡಿ, ಆಗಲೇ ಹೊರಡಿ.

ಪರ್ಕಳದಿಂದ

ಆಪರೇಷನ್ ವಿಷಯ ಯಾರೂ ಎತ್ತಲಿಲ್ಲ. ನಮ್ಮ ಬೀಗಲ್‌ಗೆ ಒಂದು ವರ್ಷಕ್ಕೆ ಬೀಜ ತೆಗೆಸಿದೆವು. ಊರಿಡೀ ಹೆಣ್ಣಿನ ವಾಸನೆ ಹಿಡಿದು ಅಳುವುದು, ಗೇಟಿನ ಕೆಳಗೆ ಮಣ್ಣು ಅಗೆಯುವುದು, ಎರಡೂ ಕೆಲವೇ ತಿಂಗಳಲ್ಲಿ ನಿಂತವು. ಬಂದವರ ಕಾಲಿಗೆ ಹತ್ತುವುದು ಅರ್ಧಕ್ಕರ್ಧ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಹಾರ್ಮೋನ್ ಬೇಗ ಇಳಿಯುತ್ತದೆ, ಆದರೆ ಕಲಿತ ಅಭ್ಯಾಸ ಕತ್ತರಿಗೆ ಸಿಗುವುದಿಲ್ಲ ಅಂತ ಡಾಕ್ಟರ್ ಮೊದಲೇ ಹೇಳಿದ್ದರು.

ಲ್ಯಾಬ್ರಡಾರಿನಂಥ ದೊಡ್ಡ ಜಾತಿಗೆ ಮೂಳೆ, ಕೀಲು ಬಲಿಯಲಿ ಅಂತ ಒಂದರಿಂದ ಒಂದೂವರೆ ವರ್ಷದವರೆಗೆ ಕಾಯಲು ಹೇಳುವವರು ಜಾಸ್ತಿ. ತುಂಬಾ ಪುಕ್ಕಲು ನಾಯಿಯಾದರೆ ಅದನ್ನೂ ಡಾಕ್ಟರಿಗೆ ತಿಳಿಸಿ, ಕೆಲವು ನಾಯಿಗಳಿಗೆ ಆಪರೇಷನ್ ಆದಮೇಲೆ ಹೆದರಿಕೆ ಹೆಚ್ಚಾಗುವುದುಂಟು. ಮತ್ತೆ, ಆಪರೇಷನ್ ಆದ ಮರುದಿನವೇ ಬೆದೆಗೆ ಬಂದ ಹೆಣ್ಣಿನ ಹತ್ತಿರ ಬಿಡಬೇಡಿ. ಒಳಗೆ ಉಳಿದ ವೀರ್ಯದಿಂದ ಕೆಲವು ವಾರ ಮರಿಯಾಗುವ ಸಾಧ್ಯತೆ ಉಂಟು.

ಬೀದಿ ನಾಯಿಗಳ ಮಾತೂ ಬಂತು. ಸಂತಾನಹರಣ ಆದದ್ದಕ್ಕೆ ಗುರುತಾಗಿ ಅವುಗಳ ಕಿವಿಯ ತುದಿ ಕತ್ತರಿಸಿರುತ್ತಾರೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮದಲ್ಲಿ ಆ ಕೆಲಸ ಸ್ಥಳೀಯ ಸಂಸ್ಥೆಗಳದ್ದು. ಅಂಥ ನಾಯಿ ಇನ್ನೊಂದರ ಮೇಲೆ ಹತ್ತಿದ್ದು ಕಂಡರೆ ನಮ್ಮ ಅಂಗಡಿ ಕಟ್ಟೆಯಲ್ಲಿ "ದುಡ್ಡು ತಿಂದರು, ಆಪರೇಷನ್ ಮಾಡಲೇ ಇಲ್ಲ" ಅಂತ ತೀರ್ಪು ಆಗಿಬಿಡುತ್ತದೆ. ಬೀಜ ಇಲ್ಲದ ನಾಯಿಯೂ ಹತ್ತುತ್ತದೆ ಅಂತ ಎಷ್ಟು ಹೇಳಿದರೂ ನಗುತ್ತಾರೆ.

ಸುರತ್ಕಲ್‌ನಿಂದ

ಇದು ನಾಯಿ ನಾಯಿಯ ಮೇಲೆ ಹತ್ತುವುದರ ಬಗ್ಗೆ. ಬೆಳಿಗ್ಗೆ ಪಣಂಬೂರು ಕಡೆ ಬೀಚಿನಲ್ಲಿ ನಮ್ಮ ರಾಕಿಯನ್ನು ಬಿಡುತ್ತಿದ್ದೆ. ಓಟ ಜೋರಾದ ಹಾಗೆ ಇನ್ನೊಂದು ನಾಯಿಯ ಬೆನ್ನ ಮೇಲೆ ಹತ್ತುತ್ತಿದ್ದ. ಒಂದು ನಾಯಿ ಮೈ ಕೊಡವಿಕೊಂಡು ಆಟ ಮುಂದುವರಿಸುತ್ತದೆ, ಅದಕ್ಕೆ ತೊಂದರೆ ಇಲ್ಲ. ಇನ್ನೊಂದು ಬಾಲ ಮಡಚಿ ಕೂತುಬಿಡುತ್ತದೆ. ಮೂರನೆಯದು ತಿರುಗಿ ಕಚ್ಚುತ್ತದೆ. ರಾಕಿಯ ಮೂಗಿಗೆ ಹೊಲಿಗೆ ಬಿದ್ದದ್ದು ಹಾಗೆ. ಈಗ ಉದ್ದ ಹಗ್ಗ ಹಾಕಿಯೇ ಬಿಡುತ್ತೇನೆ. ಓಟ ಜೋರಾದರೆ ಕರೆದು, ಒಂದು ನಿಮಿಷ ಮರಳು ಮೂಸಲು ಬಿಟ್ಟು, ಉಸಿರು ಇಳಿದ ಮೇಲೆ ಮತ್ತೆ ಆಟ.

ಕೇಳಿದವರು, ಬಿಜೈ (ಮೂರು ವಾರದ ಮೇಲೆ)

ಎಲ್ಲರಿಗೂ ಥ್ಯಾಂಕ್ಸ್. ನಡೆದದ್ದನ್ನು ಹೇಳದೆ ಹೋದರೆ ಸರಿಯಲ್ಲ ಅಲ್ವಾ.

ನಾನೂ ಕ್ಯಾಲೆಂಡರಿನಲ್ಲಿ ಬರೆದೆ. ನಮ್ಮ ಮನೆಯಲ್ಲಿ ಹಾಲು ಉಕ್ಕುವುದು ಬೆಲ್ ಆದಾಗ ಅಲ್ಲ. ಬೆಲ್ ಆದ ತಕ್ಷಣ ಮಕ್ಕಳಿಬ್ಬರು "ಬ್ರೂನೋ, ಯಾರು ಬಂದರು" ಅಂತ ಕೂಗುತ್ತಾ ಬಾಗಿಲಿಗೆ ಓಡುತ್ತಾರಲ್ಲ, ಆಗ. ಅವನು ಹತ್ತಿದ ಮೇಲೆ ಕಿರುಚಾಟ, ನಗು, ಪೇಪರ್. ಅವನ ಲೆಕ್ಕದಲ್ಲಿ ಮನೆಮಂದಿಯೆಲ್ಲ ಸೇರಿ ನಡೆಸುವ ಜಾತ್ರೆ.

ಈಗ ಬರುವವರಿಗೆ ಗೇಟಿನ ಹತ್ತಿರ ಬಂದು ಫೋನ್ ಮಾಡಲು ಹೇಳುತ್ತೇನೆ. ಬ್ರೂನೋಗೆ ಬೆಲ್ಟ್ ಹಾಕಿ, ಜಗಲಿಯ ಮೂಲೆಯ ಚಾಪೆಯ ಮೇಲೆ ಕೂರಿಸಿ, ಕಾಳು ಚೆಲ್ಲುತ್ತೇನೆ. ಅವನು ಮೂಸುತ್ತಿರುವಾಗಲೇ ಅವರು ಒಳಗೆ ಬರುತ್ತಾರೆ. ಕೂತು, ನೀರು ಕುಡಿದು, ಅವನ ಏದುಸಿರು ಇಳಿದ ಮೇಲೆ ಹತ್ತಿರ ಬಿಡುವುದು. ಹತ್ತಿದರೆ ಯಾರೂ ಮಾತಾಡುವ ಹಾಗಿಲ್ಲ. ತೆಂಗಿನ ಮರದ ಹಾಗೆ ನಿಲ್ಲಬೇಕು. ನಾನು ಬೆಲ್ಟ್ ಹಿಡಿದು ಮೆಲ್ಲ ಚಾಪೆಗೆ ಕರೆದುಕೊಂಡು ಹೋಗುತ್ತೇನೆ, ಒಂದು ನಿಮಿಷ ಅಲ್ಲೇ. ನಾಯಿಗೆ ಕಲಿಸುವುದು ಸುಲಭವಾಯಿತು. ಮಕ್ಕಳ ನಗು ನಿಲ್ಲಿಸಲು ಹದಿನೈದು ದಿನ ಬೇಕಾಯಿತು. ಮನೆಯವರು ಪೇಪರ್ ಕೆಳಗಿಟ್ಟಿದ್ದಾರೆ, ಆದರೆ ಗೊಣಗುವುದು ಬಿಟ್ಟಿಲ್ಲ.

ಡಾಕ್ಟರಿಗೂ ತೋರಿಸಿದೆ. ಸೋಂಕು ಇಲ್ಲ. ಆಪರೇಷನ್ ಒಂದೂವರೆ ವರ್ಷ ಆದಮೇಲೆ ನೋಡುವ ಅಂದಿದ್ದಾರೆ. ಮೂರು ವಾರದಲ್ಲಿ ಒಂಬತ್ತು ಜನ ಬಂದರು, ಹತ್ತಿದ್ದು ಎರಡು ಸಲ. ಒಂದು ಗ್ಯಾಸ್ ಸಿಲಿಂಡರಿನವರಿಗೆ, ಅವರು ಫೋನ್ ಮಾಡದೆ ಬಂದದ್ದು. ರಾತ್ರಿ ಒಂಬತ್ತಕ್ಕೆ ತನ್ನ ಹಳೆಯ ದಿಂಬಿನ ಮೇಲೆ ಎರಡು ನಿಮಿಷ ಕಸರತ್ತು ಮಾಡಿ ಮಲಗುತ್ತಾನೆ. ಯಾರಿಗೂ ತೊಂದರೆ ಇಲ್ಲ, ಆ ದಿಂಬು ಅವನಿಗೇ ಇರಲಿ ಅಂತ ಬಿಟ್ಟಿದ್ದೇವೆ.

ನಿನ್ನೆ ದೊಡ್ಡಮ್ಮ ಮತ್ತೆ ಬಂದಿದ್ದರು. ಬ್ರೂನೋ ಚಾಪೆ ಬಿಟ್ಟು ಏಳಲಿಲ್ಲ. ಅವರು ಮಾತ್ರ ಗೋಳಿಬಜೆ ಮುಗಿಯುವವರೆಗೂ ಎರಡು ಕಾಲನ್ನೂ ಕುರ್ಚಿಯ ಮೇಲೆ ಮಡಚಿಕೊಂಡೇ ಕೂತಿದ್ದರು.