ಕಬಡ್ಡಿ ಹುಡುಗರಿಗೆ ಕಸುವಿನ ತಾಲೀಮು: ಗರಡಿ ಸಾಕಾ, ಜಿಮ್ ಬೇಕಾ?

ಪ್ರಶ್ನೆ (ಕಾರಟಗಿ, ಕಾಲೇಜು ತಂಡ ನೋಡಿಕೊಳ್ಳುವವರು)

ನಮಸ್ಕಾರ್ರೀ. ನಮ್ಮ ಕಬಡ್ಡಿ ತಂಡದಾಗ 12 ಹುಡುಗರು, ವಯಸ್ಸು 16ರಿಂದ 19. ಇಬ್ಬರು 400 ಮೀಟರ್ ಓಟಕ್ಕೂ ಹೋಗ್ತಾರ. ಊರಾಗ ಹಳೇ ಗರಡಿಮನಿ ಐತಿ: ಗದೆ, ಎತ್ತೋ ಗುಂಡು, ಹತ್ತೋ ಹಗ್ಗ. ಪ್ಯಾಟ್ಯಾಗಿನ ಸಣ್ಣ ಜಿಮ್ ವಾರಕ್ಕ ಎರಡು ದಿನ ಸಿಗತೈತಿ. ಪಂದ್ಯಾವಳಿಗೆ ಮೂರು ತಿಂಗಳು ಉಳಿದೈತಿ. ದಿನಾ 300 ಬಸ್ಕಿ, 100 ದಂಡ ಹೊಡಸ್ತೀವಿ. ದಮ್ಮು ಬಂದೈತಿ, ಆದ್ರ ಕಾಲು ಹಿಡಿದ ಕೂಡ್ಲೆ ಎದುರಿನವರನ್ನ ಎಳಕೊಂಡು ಗೆರಿ ಮುಟ್ಟೋ ಕಸುವು ಬರವಲ್ದು. ತೂಕ ಎತ್ತಿದ್ರ ಎತ್ತರ ನಿಲ್ತೈತಿ, ಕಾಲು ಭಾರ ಆಕ್ಕಾವ ಅಂತ ಪಾಲಕರು ಹೆದರ್ತಾರ. ಯಾವ ಪದ್ಧತಿಗೆ ಏನು ಲಾಭ, ಏನು ತೊಂದ್ರಿ, ಬಿಡಿಸಿ ಹೇಳ್ರಿ.

ಉತ್ತರ (ಸಿರುಗುಪ್ಪ, ವೇಟ್‌ಲಿಫ್ಟಿಂಗ್ ಕೋಚ್)

ಸರ್, ಒಂದು ಭಾರವನ್ನು ನಿಲ್ಲದೆ ನೂರಾರು ಸಲ ಎತ್ತೋಕೆ ಆಗುತ್ತೆ ಅಂದ್ರೆ ಅದು ದಮ್ಮಿನ ತಾಲೀಮು. ಕಸುವು ಬೇಕು ಅಂದ್ರೆ ಆರು ಸಲಕ್ಕಿಂತ ಹೆಚ್ಚು ಎತ್ತೋಕೆ ಕಷ್ಟ ಆಗೋ ಭಾರ ಬೇಕು. ಜಿಮ್ಮಿನ ಎರಡು ದಿನವನ್ನ ಬಾರ್ಬೆಲ್‌ಗೇ (ಎರಡೂ ತುದಿಗೆ ಪ್ಲೇಟ್, ಅಂದ್ರೆ ತೂಕದ ಬಿಲ್ಲೆ ಹಾಕೋ ಉದ್ದನೆ ಸರಳು) ಇಡಿ: ಸ್ಕ್ವಾಟ್ (ಹೆಗಲ ಮೇಲೆ ಬಾರ್ ಹೊತ್ತು ಕೂತು ಏಳೋದು), ಡೆಡ್‌ಲಿಫ್ಟ್ (ನೆಲದ ಮೇಲಿನ ಬಾರ್ ಎತ್ತಿ ನೆಟ್ಟಗೆ ನಿಲ್ಲೋದು), ಬಾಗಿ ನಿಂತು ಬಾರನ್ನ ಹೊಟ್ಟೆ ಕಡೆ ಎಳೆಯೋ ರೋ. ಬೇರೇನೂ ಬೇಡ.

ಮೊದಲ ಮೂರು ವಾರ ಖಾಲಿ ಬಾರ್‌ನಿಂದ ಶುರು ಮಾಡಿ, 8 ಸಲದ 3 ಸೆಟ್, ಅಂದ್ರೆ 8 ಸಲ ಎತ್ತಿ ಬಿಡುವು, ಹಂಗೆ 3 ಸುತ್ತು. ಬಾರ್ 20 ಕೆ.ಜಿ. ಅಂತ ನಂಬಬೇಡಿ, ಸಣ್ಣ ಜಿಮ್ಮುಗಳಲ್ಲಿ 10, 15 ಕೆ.ಜಿ. ಬಾರ್‌ಗಳೂ ಇರ್ತವೆ, ತೂಗಿ ನೋಡಿ. ನಾಲ್ಕನೇ ವಾರ ಹುಡುಗ ಶುದ್ಧವಾಗಿ 5 ಸಲ ಎತ್ತೋ ಭಾರ ಹುಡುಕಿ. 60 ಕೆ.ಜಿ. ಅನ್ಕೊಳ್ಳಿ. ಸಲವನ್ನ 30ರಿಂದ ಭಾಗಿಸಿ, ಒಂದು ಕೂಡಿ, ಭಾರಕ್ಕೆ ಗುಣಿಸಿದ್ರೆ ಅವನ ಗರಿಷ್ಠ, ಅಂದ್ರೆ ಒಂದೇ ಸಲ ಎತ್ತಬಲ್ಲ ಭಾರ, ಸುಮಾರು 70. ಅದರ ಶೇ. 80, ಅಂದ್ರೆ 56 ಕೆ.ಜಿ. ಆಸುಪಾಸು, 5 ಸಲದ 4 ಸೆಟ್. ಪ್ರತಿ ಸೆಟ್ಟಿನ ಕೊನೆಗೆ ಇನ್ನೆರಡು ಸಲ ಎತ್ತೋ ತ್ರಾಣ ಉಳಿದಿರಬೇಕು. ವಾರಕ್ಕೆ 2.5 ಕೆ.ಜಿ. ಮಾತ್ರ ಏರಿಸಿ, ಅದಕ್ಕೆ 1.25ರ ಜೋಡಿ ಪ್ಲೇಟ್ ಬೇಕು, ಜಿಮ್ಮಿನಲ್ಲಿ ಇಲ್ಲದಿದ್ರೆ ಅದೊಂದನ್ನ ಕೊಂಡು ಇಟ್ಕೊಳ್ಳಿ.

ಸೆಟ್ಟಿನ ನಡುವೆ ಮೂರು ನಿಮಿಷ ಬಿಡುವು ಕೊಡದಿದ್ರೆ ಮತ್ತೆ ಬಸ್ಕಿ ಹೊಡೆದಂಗೇ ಆಗುತ್ತೆ. ಒಂದು ಬಾರ್‌ಗೆ ನಾಲ್ವರನ್ನ ಹಾಕಿ ಸರದಿ ಮಾಡಿದ್ರೆ ಬಿಡುವು ತಾನಾಗೇ ಸಿಗುತ್ತೆ.

ಕೆಡೋದು ಎಲ್ಲಿ ಅಂದ್ರೆ: ಸ್ಕ್ವಾಟ್‌ನಲ್ಲಿ ಹಿಮ್ಮಡಿ ಎದ್ರೆ ಕೆಳಗೆ ತೆಳು ಪ್ಲೇಟ್ ಇಡಿ, ಜೊತೆಗೆ ಕಣಕಾಲು ಸಡಿಲ ಮಾಡಿಸಿ. ಮಂಡಿ ಒಳಗೆ ವಾಲಿದ್ರೆ ಭಾರ ಇಳಿಸಿ. ಕೆಳಗೆ ಹೋದಾಗ ಸೊಂಟ ಗೂನು ಬಿದ್ರೆ ಅದಕ್ಕಿಂತ ಸ್ವಲ್ಪ ಮೇಲೇ ನಿಲ್ಲಿಸಿ. ಡೆಡ್‌ಲಿಫ್ಟ್‌ನಲ್ಲಿ ಬಾರ್ ಬೂಟಿನ ಲೇಸ್ ಗಂಟಿನ ಮೇಲಿರಬೇಕು. ಮುಂದೆ ಸರಿದ್ರೆ ಭಾರವೆಲ್ಲ ಸೊಂಟಕ್ಕೆ ಬೀಳುತ್ತೆ. ಈ ಪದ್ಧತಿಯ ದೊಡ್ಡ ತೊಂದರೆ ಇದೇ, ಪಕ್ಕದಲ್ಲಿ ನಿಂತು ನೋಡೋ ಕಣ್ಣು ಇಲ್ಲದೆ ಮಾಡಿಸಬಾರದು.

ಉತ್ತರ (ಲಿಂಗಸುಗೂರು, ಕುಸ್ತಿ ಉಸ್ತಾದರು)

ಕೋಚ್ ಸರ್ ಹೇಳಿದ್ದು ಖರೆ ಅದ, ಆದ್ರ ಗರಡಿ ಬಿಡಬ್ಯಾಡ್ರಿ. ಬಸ್ಕಿ, ದಂಡದಿಂದ ಮಂಡಿ, ಭುಜ ಪಳಗತಾವ, ಸೊಂಟ ಸಡಿಲ ಇರ್ತದ. 300 ಬಸ್ಕಿನ 60ಕ್ಕ, 100 ದಂಡನ 30ಕ್ಕ ಇಳಿಸಿ ಮೈ ಬಿಸಿ ಮಾಡೋದಕ್ಕ ಬಳಸ್ರಿ.

ದಂಡದಾಗ ಬರೇ ನೂಕೋದು ಅದ, ಎಳೆಯೋದಿಲ್ಲ. ಬರೇ ಅದನ್ನೇ ವರ್ಷಗಟ್ಟಲೆ ಹೊಡೆದ್ರ ಭುಜ ಮುಂದ ಬಾಗತಾವ, ನೋವು ಶುರು ಆಗ್ತದ. ಕಬಡ್ಡ್ಯಾಗ ಎಳೆಯೋದೇ ಹೆಚ್ಚು. ಹಗ್ಗ ಇದ್ದೇ ಅದಲ್ಲ, ವಾರಕ್ಕ ಎರಡು ಸಲ, ಪ್ರತಿ ಸಲ 4 ಏರಿಕಿ. ಮೊದಲು ಕಾಲು ಹಚ್ಚಿ, ಒಂದು ತಿಂಗಳಾದ ಮ್ಯಾಲ ಬರೇ ಕೈಲೆ. ಇಳಿಯುವಾಗ ಜಾರಬಾರದು, ಅಂಗೈ ಸುಲೀತದ.

ಗುಂಡು ಎತ್ತುವಾಗ ಮೊಳಕೈ ಮಡಚಿ ಕಿತ್ತಬಾರದು, ರಟ್ಟಿ ನರ ಹರೀತದ. ಕೈ ನೆಟ್ಟಗ ಇಟ್ಟು ಮೊದಲು ತೊಡಿ ಮ್ಯಾಲ ತರಬೇಕು, ಅಲ್ಲೆ ಅವಚಿಕೊಂಡು ಸೊಂಟದ ಜೋರಿನಾಗ ಏಳಬೇಕು. ಗುಂಡಿಂದು ತೂಕ ಏರಸಾಕ ಬರಂಗಿಲ್ಲ, ಅದೇ ಅದರ ಕೊರತಿ. ಅದಕ್ಕ ಉಸುಕಿನ ಚೀಲ ಮಾಡ್ರಿ: ಒಣ ಉಸುಕು 5 ಕೆ.ಜಿ.ದಂಗ ದಪ್ಪ ಪ್ಲಾಸ್ಟಿಕ್ ಕೈಚೀಲದಾಗ ತುಂಬಿ, ಬಾಯಿ ಟೇಪ್ ಸುತ್ತಿ, ಎರಡು ಗೊಬ್ಬರದ ಚೀಲ ಒಂದರಾಗ ಒಂದು ಹಾಕಿ ಒಳಗ ಇಡ್ರಿ. 20ರಿಂದ ಶುರು ಮಾಡಿ 5, 5 ಏರಿಸ್ರಿ. ಹಸಿ ಉಸುಕು ತುಂಬಬ್ಯಾಡ್ರಿ, ಒಣಗಿದ ಮ್ಯಾಲ ತೂಕ ತಪ್ಪತದ. ಅವಚಿಕೊಂಡು 20 ಮೀಟರ್ ನಡೆಯೋದು, 4 ಸಲ. ಚೈನ್ ಹಾಕಿ ರೈಡರ್‌ನ ತಡೆಯೋರಿಗೆ ಇದಕ್ಕಿಂತ ಛಲೋ ತಾಲೀಮು ಇಲ್ಲ.

ಉತ್ತರ (ಕೊಪ್ಪಳ, ಜಿಮ್ ತರಬೇತುದಾರ)

ಲೆಗ್ ಪ್ರೆಸ್ (ಕೂತು ಕಾಲಿಲೆ ಭಾರ ನೂಕೋದು), ಲೆಗ್ ಎಕ್ಸ್‌ಟೆನ್ಷನ್ (ಕೂತು ಮಂಡಿ ಚಾಚಿ ಭಾರ ಎತ್ತೋದು) ಮಷೀನ್ ಗಾಯದಿಂದ ಎದ್ದು ಬರೋರಿಗೆ ಒಳ್ಳೇವು. ಭಾರ ಸರಿಯೋ ದಾರಿ ಕಟ್ಟಿಟ್ಟಂಗ ಇರೋದರಿಂದ ಮೈ ಸಂಭಾಳಿಸೋ ಕೆಲಸ ಮಷೀನೇ ಮಾಡತೈತಿ, ಆಟಗಾರಗ ಅದರ ಲಾಭ ಅರ್ಧ. ರಬ್ಬರ್ ಬ್ಯಾಂಡ್ ಅಗ್ಗ, ಊರಿಗೆ ಒಯ್ಯಬಹುದು. ಆದ್ರ ಎಳೆದಷ್ಟೂ ಬಿಗಿ ಆಗತೈತಿ, ಶುರುವಿನಾಗ ಭಾರನೇ ಇರಂಗಿಲ್ಲ. ನಮ್ಮ ಬಿಸಿಲಿಗೆ ರಬ್ಬರ್ ಬಿರುಕು ಬಿಡತೈತಿ, ಕಟ್ಟುವ ಮುಂಚೆ ಎಳೆದು ನೋಡ್ರಿ.

ಉತ್ತರ (ಬಳ್ಳಾರಿ, ಕ್ರೀಡಾ ಫಿಸಿಯೋಥೆರಪಿಸ್ಟ್)

ಪಾಲಕರ ಭಯಕ್ಕೆ ಮೊದಲು ಉತ್ತರ. ಸರಿಯಾದ ಮೇಲ್ವಿಚಾರಣೆಯಲ್ಲಿ ಭಾರ ಎತ್ತಿದರೆ ಎತ್ತರ ನಿಲ್ಲುವುದಿಲ್ಲ. ಎಲುಬಿನ ಬೆಳವಣಿಗೆಯ ತಟ್ಟೆಗೆ (ಎಲುಬು ಉದ್ದ ಬೆಳೆಯುವ, ತುದಿಯ ಮೆತ್ತನೆ ಭಾಗ) ಪೆಟ್ಟಾಗುವುದು ಯಾರೂ ನೋಡದಿರುವಾಗ ಪಂತಕ್ಕೆ ಬಿದ್ದು ಎತ್ತಿದಾಗ. ಆದ್ದರಿಂದ ಒಂದೇ ಸಲ ಎಷ್ಟು ಎತ್ತಬಲ್ಲೆ ಎಂಬ ಪರೀಕ್ಷೆ ಈ ವಯಸ್ಸಿಗೆ ಬೇಡ. ಮೇಲೆ ಹೇಳಿದ ಲೆಕ್ಕ ಸಾಕು. ಕಾಲು ಭಾರ ಅನ್ನಿಸುವುದು ಮೊದಲ ವಾರಗಳ ಮೈಕೈ ನೋವಿನಿಂದ. ಭಾರ ಎತ್ತುವುದರ ಜೊತೆಗೆ ಜಿಗಿತ, ಸ್ಪ್ರಿಂಟ್ ಮಾಡಿಸದಿದ್ದರೆ ಮಾತ್ರ ಬಂದ ಬಲ ವೇಗಕ್ಕೆ ಇಳಿಯುವುದಿಲ್ಲ.

ಜಿಗಿತ: ವಾರಕ್ಕೆ ಎರಡು ಸಲ, ನಡುವೆ 48 ಗಂಟೆ ಬಿಡುವು, ಶುರುವಿನಲ್ಲಿ ಒಂದು ದಿನಕ್ಕೆ ಒಟ್ಟು 60ರಿಂದ 80 ನೆಲಸ್ಪರ್ಶ (ಜಿಗಿದು ಒಂದು ಸಲ ನೆಲಕ್ಕೆ ಇಳಿದರೆ ಒಂದು). ಮೊದಲೆರಡು ವಾರ ಸದ್ದಿಲ್ಲದೆ ಇಳಿಯುವುದನ್ನಷ್ಟೇ ಕಲಿಸಿ. ಸಿಮೆಂಟ್ ನೆಲ ಬೇಡ. ಬೇಸಿಗೆಯಲ್ಲಿ ಎರೆಹೊಲವಂತೂ ಬೇಡವೇ ಬೇಡ. ಬಿರುಕಿನಲ್ಲಿ ಕಾಲು ಸಿಕ್ಕಿದರೆ ಕಣಕಾಲಿನ ಲಿಗಮೆಂಟ್ (ಎಲುಬುಗಳನ್ನು ಬಿಗಿದಿಡುವ ಪಟ್ಟಿ) ಹರಿಯುತ್ತದೆ. ಕೆಂಪು ಮಣ್ಣು ಸಡಿಲಿಸಿ, ನೀರು ಚಿಮುಕಿಸಿದ ಅಂಗಳ ಒಳ್ಳೆಯದು.

ತೊಡೆಯ ಹಿಂಭಾಗಕ್ಕೆ ನಾರ್ಡಿಕ್ ಮಾಡಿಸಿ: ಮಂಡಿಯೂರಿ ಕೂತವನ ಹಿಮ್ಮಡಿಯನ್ನು ಜೊತೆಗಾರ ಒತ್ತಿ ಹಿಡಿಯಬೇಕು, ಅವನು ಮಂಡಿಯಿಂದ ಭುಜದವರೆಗೆ ನೆಟ್ಟಗೆ ಇದ್ದು 4 ಸೆಕೆಂಡಿನಲ್ಲಿ ಮುಂದಕ್ಕೆ ಇಳಿಯಬೇಕು, ಕೊನೆಗೆ ಅಂಗೈ ಊರಬೇಕು. ಮೊದಲ ವಾರ 4 ಸಲದ 2 ಸೆಟ್. ಹಿಡಿತ ಬಿದ್ದಾಗ ಕಾಲು ಕೀಳುವಾಗ ಹರಿಯುವ ಸ್ನಾಯು ಇದೇ. ಫುಟ್‌ಬಾಲಿನ ಫಿಫಾ 11 ಪ್ಲಸ್ ವಾರ್ಮ್‌ಅಪ್‌ನಲ್ಲಿಯೂ ಈ ವ್ಯಾಯಾಮ ಇದೆ. ಎರಡು ದಿನ ಜೋರು ನೋವಿರುತ್ತದೆ, ಪಂದ್ಯದ ಹಿಂದಿನ ಮೂರು ದಿನ ಮುಟ್ಟಬೇಡಿ. ಮಂಡಿಚಿಪ್ಪಿನ ಕೆಳಗೆ ನೋವಿರುವವರಿಗೆ ಗೋಡೆಗೆ ಒರಗಿ ಕೂರುವುದು, 45 ಸೆಕೆಂಡು, 5 ಸಲ. ಅಲುಗದೆ ಹಿಡಿಯುವ ಈ ವ್ಯಾಯಾಮ ನೋವು ಇಳಿಸುತ್ತದೆ, ಆದರೆ ಹಿಡಿದ ಕೋನದ ಆಸುಪಾಸಿನಲ್ಲೇ ಹೆಚ್ಚು ಬಲ ಕೊಡುತ್ತದೆ.

ಒಂದು ಮಾತು ಕೈಮುಗಿದು ಹೇಳುತ್ತೇನೆ: ಶಿಕ್ಷೆಗೆಂದು ಬಸ್ಕಿ ಹೊಡೆಸಬೇಡಿ. ಅಭ್ಯಾಸವಿಲ್ಲದ ಹುಡುಗನಿಗೆ ಬಿಸಿಲಲ್ಲಿ 500 ಹೊಡೆಸಿದರೆ ಸ್ನಾಯು ಒಡೆದು ರಕ್ತ ಸೇರಿ ಕಿಡ್ನಿಗೆ ಹೊಡೆತ ಬೀಳಬಹುದು. ತೊಡೆ ಬಿಗಿದು ಊದಿ, ಮೂತ್ರ ಕರಿ ಚಹಾ ಬಣ್ಣಕ್ಕೆ ತಿರುಗಿದರೆ ಅದೇ ದಿನ ಆಸ್ಪತ್ರೆಗೆ ಒಯ್ಯಿರಿ. ನೋವಿನ ಮಾತ್ರೆ ಕೊಟ್ಟು ಮಲಗಿಸಬೇಡಿ, ಅದರಲ್ಲಿ ಹಲವು ಕಿಡ್ನಿಗೇ ಕೆಟ್ಟವು. ಏಪ್ರಿಲ್, ಮೇ ತಿಂಗಳಲ್ಲಿ ತಾಲೀಮು ಬೆಳಿಗ್ಗೆ 7ರೊಳಗೆ ಮುಗಿಯಲಿ. ಮುಂಚೆ, ಆಮೇಲೆ ತೂಗಿ ನೋಡಿ, 1 ಕೆ.ಜಿ. ಇಳಿದಿದ್ದರೆ ಮುಂದಿನ ಕೆಲವು ಗಂಟೆಗಳಲ್ಲಿ ಸುಮಾರು ಒಂದೂವರೆ ಲೀಟರ್ ನೀರು, ಮಜ್ಜಿಗೆ ಕುಡಿಸಿ.

ಮರುಪ್ರಶ್ನೆ (ಕಾರಟಗಿ)

ಬಾಳ ಉಪಕಾರ ಆತ್ರೀ. ವಾರ ಹೆಂಗ ಹೊಂದಿಸಬೇಕು? ಓಟದ ಹುಡುಗರಿಗೆ ಬ್ಯಾರೆ ಏನರ?

ಉತ್ತರ (ರಾಯಚೂರು, ಅಥ್ಲೆಟಿಕ್ಸ್ ಕೋಚ್)

ಸೋಮವಾರ, ಗುರುವಾರ: ಮೊದಲು ಜಿಗಿತ, ಆಮ್ಯಾಲ ಬಾರ್ಬೆಲ್, ಕಡೀಕ ನಾರ್ಡಿಕ್. ದಣಿದ ಕಾಲಿನಾಗ ಜಿಗಿಸಬಾರದು. ಮಂಗಳವಾರ, ಶನಿವಾರ ಹಗ್ಗ, ಚೀಲ, ಗದೆ, ಜೋಡಿಗೆ ಅಂಕಣದ ಆಟ. ಬುಧವಾರ, ಶುಕ್ರವಾರ ಬರೇ ಆಟ. ರವಿವಾರ ಪೂರ್ತಿ ಬಿಡುವು. 400 ಮೀಟರ್ ಹುಡುಗರ ಜೋರು ಓಟ ಬಾರ್ಬೆಲ್ ದಿನದ ಮುಂಜಾನೆ ಮುಗೀಬೇಕು, ಭಾರ ಸಂಜಿಗೆ. ಇಂದು ಸ್ಕ್ವಾಟ್, ನಾಳೆ ಸ್ಪ್ರಿಂಟ್ ಅಂದ್ರ ಹ್ಯಾಮ್‌ಸ್ಟ್ರಿಂಗ್ (ತೊಡಿ ಹಿಂದಿನ ಸ್ನಾಯು) ಹೋಗ್ತದ.

ನಾಲ್ಕನೇ ಮತ್ತು ಎಂಟನೇ ವಾರ ಸೆಟ್ ಅರ್ಧ ಮಾಡ್ರಿ. ಪಂದ್ಯದ ವಾರನೂ ಸೆಟ್ ಅರ್ಧ, ಆದ್ರ ಬಾರ್ ಮ್ಯಾಲಿನ ತೂಕ ಇಳಿಸಬ್ಯಾಡ್ರಿ. ತೂಕ ಇಳಿಸಿದ್ರ ಕಸುವು ಮಂಕಾಗ್ತದ, ಸೆಟ್ ಇಳಿಸಿದ್ರ ದಣಿವು ಅಷ್ಟೇ ಹೋಗ್ತದ. ಕಡೀ ಬಾರ್ಬೆಲ್ ದಿನ ಪಂದ್ಯಕ್ಕ ನಾಲ್ಕು ದಿನ ಮುಂಚೆ ಇರಲಿ, ಆ ದಿನ ನಾರ್ಡಿಕ್ ಬಿಡ್ರಿ.