ಮಗಳು ಟೆನಿಸ್ ಆಡುತ್ತಾಳೆ, ಕಾಲೇಜು ಕೋಚ್‌ಗಳಿಂದ ಉತ್ತರವಿಲ್ಲ

ಫ್ರಿಸ್ಕೊ, ಟೆಕ್ಸಸ್:
ಎಲ್ಲರಿಗೂ ನಮಸ್ಕಾರ. ಹತ್ತನೇ ತರಗತಿಯಲ್ಲಿರುವ ನನ್ನ ಮಗಳ ಯುಟಿಆರ್ (ಪಂದ್ಯಗಳ ಫಲಿತಾಂಶದಿಂದ ಆಟದ ಮಟ್ಟ ಅಳೆಯುವ ಅಂಕ) ಈಗ ಎಂಟರ ಆಸುಪಾಸಿನಲ್ಲಿದೆ. ಚಳಿಗಾಲದ ರಜೆಯಲ್ಲಿ ಅವಳು ಕಾಲೇಜು ಕ್ರೀಡೆಯ ಅತಿ ಮೇಲಿನ ಹಂತವಾದ ಡಿವಿಷನ್ ಒನ್‌ನ ಹಲವು ಕೋಚ್‌ಗಳಿಗೆ ಇಮೇಲ್ ಬರೆದಳು. ಬಂದದ್ದು ಬೇಸಿಗೆ ಶಿಬಿರದ ಜಾಹೀರಾತು ಮತ್ತು ಒಂದು ಪ್ರಶ್ನಾವಳಿ ಮಾತ್ರ. ದಿನವೂ ಶಾಲೆಯಿಂದ ಬಂದವಳು ಬೂಟು ಬಿಚ್ಚುವ ಮೊದಲೇ ಫೋನ್ ತೆರೆದು ನೋಡುತ್ತಾಳೆ. ಆಟ ಸಾಲದೆಂದು ಭಾವಿಸಬೇಕೇ? ಹಣ ಪಡೆದು ಕಾಲೇಜು ಹುಡುಕಿಕೊಡುವ ಏಜೆನ್ಸಿಗಳನ್ನು ಹಿಡಿಯಬೇಕೇ?

ಎಡಿಸನ್, ನ್ಯೂಜೆರ್ಸಿ:
ಮೇಡಂ, ಗಾಬರಿಯಾಗಬೇಡಿ. ಹತ್ತನೇ ತರಗತಿ ಮುಗಿದ ನಂತರದ ಜೂನ್ 15ರವರೆಗೆ ಡಿವಿಷನ್ ಒನ್ ಟೆನಿಸ್ ಕೋಚ್‌ಗಳು ತಂಡಕ್ಕೆ ಸೇರುವ ಮಾತನ್ನು ಮಕ್ಕಳೊಡನೆ ಆಡುವಂತಿಲ್ಲ; ಶಿಬಿರದ ವಿವರ, ಪ್ರಶ್ನಾವಳಿ ಇಷ್ಟನ್ನೇ ಕಳುಹಿಸಬಹುದು. ಕೆಳಗಿನ ಹಂತವಾದ ಡಿವಿಷನ್ ಥ್ರೀ ಕೋಚ್‌ಗಳಿಗೆ ಈ ಕಟ್ಟುಪಾಡು ಇಲ್ಲದ ಕಾರಣ ಅವರಿಗೆ ಈಗಲೇ ಬರೆಯಲಿ. ಪಂದ್ಯದಲ್ಲಿ ಸಿಂಗಲ್ಸ್ ಆಡುವವರು ಆರೇ ಜನ, ಆದ್ದರಿಂದ ಪ್ರತಿ ಕಾಲೇಜಿನ ಐದನೇ ಮತ್ತು ಆರನೇ ಸ್ಥಾನದ ಆಟಗಾರ್ತಿಯರ ಯುಟಿಆರ್ ನೋಡಿದರೆ ಮಗಳು ಎಲ್ಲಿ ನಿಲ್ಲುತ್ತಾಳೆಂಬುದು ಏಜೆನ್ಸಿಯಿಲ್ಲದೆಯೇ ತಿಳಿಯುತ್ತದೆ. ಡಿವಿಷನ್ ಒನ್ ಅರ್ಹತೆಗೆ ಹೈಸ್ಕೂಲಿನಲ್ಲಿ 16 ಕೋರ್ ಕೋರ್ಸ್‌ಗಳು (ಇಂಗ್ಲಿಷ್, ಗಣಿತ, ವಿಜ್ಞಾನದಂಥ ಮುಖ್ಯ ವಿಷಯಗಳು) ಬೇಕು. ಅವುಗಳಲ್ಲಿ 10 ಹನ್ನೆರಡನೇ ತರಗತಿ ಆರಂಭವಾಗುವ ಮೊದಲೇ ಮುಗಿದಿರಬೇಕು. ಕನಿಷ್ಠ ಜಿಪಿಎ (4ರ ಅಳತೆಯಲ್ಲಿ ಅಂಕಗಳ ಸರಾಸರಿ) 2.3 ನಮ್ಮ ಮಕ್ಕಳಿಗೆ ದೊಡ್ಡ ಮಾತಲ್ಲ. ಆದರೆ ಬೇಸಿಗೆಯಲ್ಲಿ ಆನ್‌ಲೈನ್‌ನಲ್ಲಿ ಮುಗಿಸುವ ಗಣಿತವನ್ನು ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆಯಾದ ಎನ್‌ಸಿಎಎ ಒಪ್ಪುತ್ತದೆಯೇ ಎಂಬುದನ್ನು ಮೊದಲೇ ವಿಚಾರಿಸಿ.

ಫ್ರೀಮಾಂಟ್, ಕ್ಯಾಲಿಫೋರ್ನಿಯಾ:
ಕಟುವಾಗಿ ಹೇಳುತ್ತೇನೆ, ಕ್ಷಮಿಸಿ. ಕೋಚಿಂಗ್, ಟೂರ್ನಮೆಂಟು, ಹೋಟೆಲು ಎಂದು ಇಷ್ಟು ವರ್ಷ ಸುರಿದ ಹಣವನ್ನು ಓದಿನ ಖರ್ಚಿಗೆಂದೇ ಇರುವ 529 ಉಳಿತಾಯ ಖಾತೆಯಲ್ಲಿ ಹಾಕಿದ್ದರೆ ಕಾಲೇಜಿನ ಶುಲ್ಕದ ಬಹುಪಾಲು ಕೈಯಲ್ಲಿರುತ್ತಿತ್ತು. ಡಿವಿಷನ್ ಥ್ರೀಯಲ್ಲಿ ಕ್ರೀಡಾ ಸ್ಕಾಲರ್‌ಶಿಪ್ ಇಲ್ಲ, ಹಾರ್ವರ್ಡ್, ಯೇಲ್‌ನಂಥ ಐವಿ ಲೀಗ್ ಕಾಲೇಜುಗಳಲ್ಲಿಯೂ ಇಲ್ಲ. ಡಿವಿಷನ್ ಒನ್‌ನಲ್ಲಿ ಮಹಿಳಾ ಟೆನಿಸ್‌ಗೆ ಹಿಂದೆ ಕಾಲೇಜಿಗೆ 8 ಸ್ಕಾಲರ್‌ಶಿಪ್‌ಗಳಿದ್ದವು. ಆಟಗಾರರಿಗೆ ಹಣ ಕೊಡುವ ಕುರಿತ 2025ರ ನ್ಯಾಯಾಲಯದ ಒಪ್ಪಂದವನ್ನು ಸೇರಿದ ಕಾಲೇಜುಗಳಲ್ಲಿ ಈಗ ಇಡೀ ತಂಡವೇ ಹೆಚ್ಚೆಂದರೆ 10 ಜನರದು, ಅದರಲ್ಲೂ ಹೊರದೇಶದಿಂದ ಬಂದ ಹುಡುಗಿಯರ ಪೈಪೋಟಿ. ಓದಿನ ಮೇಲೆ ಗಮನ ಕೊಡಿಸಿ.

ನೇಪರ್‌ವಿಲ್, ಇಲಿನಾಯ್:
ಎಲ್ಲವನ್ನೂ ಹಣದಿಂದಲೇ ಅಳೆಯುವುದೇ ಸರ್? ಬೆಂಗಳೂರಿನಿಂದ ಬಂದ ದಂಪತಿಗಳ ಮಗ ರಾಜೀವ್ ರಾಮ್ ನಮ್ಮ ಇಲಿನಾಯ್ ವಿಶ್ವವಿದ್ಯಾಲಯದ ಪರ ಆಡಿ 2003ರಲ್ಲಿ ಕಾಲೇಜು ಡಬಲ್ಸ್ ಪ್ರಶಸ್ತಿ ಗೆದ್ದವರು. ಮುಂದೆ 2021ರಿಂದ ಸತತ ಮೂರು ವರ್ಷ ಯುಎಸ್ ಓಪನ್ ಡಬಲ್ಸ್ ಗೆದ್ದರು. ನನ್ನ ಮಗನಿಗೂ ಈಜಿನಲ್ಲಿ ಒಳ್ಳೆಯ ಕೈ ಇತ್ತು. ಕಾಲೇಜು ಪ್ರವೇಶದ ಎಸ್‌ಎಟಿ ಪರೀಕ್ಷೆ ಹತ್ತಿರ ಬಂದಿತೆಂದು ನಾವೇ ಬಿಡಿಸಿದೆವು, ಇಂದಿಗೂ ಅವನು ಆ ಮಾತು ಎತ್ತುತ್ತಾನೆ.

ಫ್ರೀಮಾಂಟ್, ಕ್ಯಾಲಿಫೋರ್ನಿಯಾ:
ರಾಜೀವ್ ರಾಮ್ ಒಂದೇ ಸೆಮಿಸ್ಟರ್ ಆಡಿ ವೃತ್ತಿಪರರಾದವರು. ಪದವಿ ಬೇಕೆನ್ನುವವರಿಗೆ ಆ ಉದಾಹರಣೆ ಕೊಡುವುದು ಸರಿಯಲ್ಲ.

ಲೆಕ್ಸಿಂಗ್ಟನ್, ಮ್ಯಾಸಚೂಸೆಟ್ಸ್:
ಸ್ಕಾಲರ್‌ಶಿಪ್ ಇಲ್ಲವೆಂದ ಮಾತ್ರಕ್ಕೆ ಲಾಭವಿಲ್ಲ ಎನ್ನಲಾಗದು. ಹನ್ನೊಂದನೇ ತರಗತಿ ಮುಗಿದ ಬೇಸಿಗೆಯಲ್ಲಿ, ಕೋಚ್ ಬಯಸಿದರೆ, ಅಂಕಪಟ್ಟಿಯನ್ನು ಪ್ರವೇಶ ವಿಭಾಗಕ್ಕೆ ತೋರಿಸಿ ಮುಂಗಡ ಅಭಿಪ್ರಾಯ ಪಡೆಯುವ ಕ್ರಮವೊಂದು ಹಲವು ಡಿವಿಷನ್ ಥ್ರೀ ಕಾಲೇಜುಗಳಲ್ಲಿದೆ. ಅದನ್ನು ಪ್ರೀ-ರೀಡ್ ಎನ್ನುತ್ತಾರೆ. ಅದು ಸೀಟಿನ ಖಾತರಿಯಲ್ಲ. ಅಭಿಪ್ರಾಯ ಅನುಕೂಲವಾಗಿದ್ದರೆ ಅರ್ಲಿ ಡಿಸಿಷನ್‌ನಲ್ಲಿ, ಅಂದರೆ ಒಂದೇ ಕಾಲೇಜಿಗೆ ಬದ್ಧರಾಗಿ ಮುಂಚಿತವಾಗಿ, ಅರ್ಜಿ ಹಾಕಿಸಲು ಕೋಚ್ ಒತ್ತಾಯಿಸುವುದು ಸಾಮಾನ್ಯ. ಹಾಗೆ ಸೀಟು ಸಿಕ್ಕರೆ ಸೇರಲೇಬೇಕಾದ್ದರಿಂದ, ಆ ಕಾಲೇಜಿನ ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್‌ನಲ್ಲಿ ನಿಮ್ಮ ಆದಾಯ ಹಾಕಿ ಖರ್ಚಿನ ಲೆಕ್ಕವನ್ನು ಮೊದಲೇ ನೋಡಿಕೊಳ್ಳಿ.

ಫ್ರಿಸ್ಕೊ, ಟೆಕ್ಸಸ್:
ಜೂನ್ 15ರ ನಿಯಮವನ್ನು ಮಗಳಿಗೆ ಓದಿ ಹೇಳಿದೆ, ಧನ್ಯವಾದಗಳು. ಕೋಚ್‌ಗಳಿಗೆ ಕಳುಹಿಸುವ ವಿಡಿಯೊದಲ್ಲಿ ಗೆದ್ದ ಪಾಯಿಂಟ್‌ಗಳನ್ನು ಮಾತ್ರ ಜೋಡಿಸಬೇಕೇ, ಅಥವಾ ಒಂದು ಪೂರ್ತಿ ಸೆಟ್ ಹಾಕಬೇಕೇ?

ಫ್ರೀಮಾಂಟ್, ಕ್ಯಾಲಿಫೋರ್ನಿಯಾ:
ವಿಡಿಯೊದ ಮಾತು ಆಮೇಲೆ. 529 ಖಾತೆ ತೆರೆದಿದ್ದೀರೋ ಇಲ್ಲವೋ, ಅದನ್ನು ಮೊದಲು ಹೇಳಿ ಮೇಡಂ.

ನೇಪರ್‌ವಿಲ್, ಇಲಿನಾಯ್:
ಸರ್, ಅವರು ಕೇಳಿದ್ದೇನು, ನೀವು ಹೇಳುತ್ತಿರುವುದೇನು?